ಡ್ರೈವರ್ ಸೀಟು ಮೇಲೆದ್ದ ಭಾನುವಾರ

ನನ್ನ ಎತ್ತರ ನಾಲ್ಕು ಅಡಿ ಎಂಟು ಇಂಚು. ಶಾಲೆಯಲ್ಲಿ ಬೋರ್ಡಿನ ಮೇಲ್ತುದಿಗೆ ಕೈ ಎಟುಕುವುದಿಲ್ಲ ಅನ್ನುವುದೊಂದು ಬಿಟ್ಟರೆ, ಹಳೇ ವ್ಯಾನು ಮನೆಗೆ ಬರುವವರೆಗೆ ಅದರಿಂದ ನನಗೆ ಹೇಳಿಕೊಳ್ಳುವಂಥ ತೊಂದರೆ ಇರಲಿಲ್ಲ.

ಮನೆ ಶಿಕಾರಿಪುರದಲ್ಲಿ, ನಾನು ಟೀಚರಾಗಿರುವ ಶಾಲೆ ಸೊರಬ ತಾಲ್ಲೂಕಿನ ಕುಪ್ಪಗಡ್ಡೆ ಕಡೆ. ಬಸ್ಸಿನ ಹೊತ್ತಿಗೂ ಶಾಲೆಯ ಗಂಟೆಗೂ ಯಾವತ್ತೂ ಕೂಡಿಬರುತ್ತಿರಲಿಲ್ಲ. ಅದಕ್ಕೇ ಏಳು ಜನ ಕೂರುವ ಸೆಕೆಂಡ್ ಹ್ಯಾಂಡ್ ವ್ಯಾನೊಂದನ್ನು ತಂದೆವು. ಅದೇ ದಾರಿಯ ಶಾಲೆಗಳ ಐದು ಜನ ಟೀಚರುಗಳು ನನ್ನ ಜೊತೆ ಬರತೊಡಗಿದರು. ಎಂಜಿನ್ ಗಟ್ಟಿಯಾಗಿತ್ತು, ಏಸಿಯೂ ತಣ್ಣಗೆ ಬರುತ್ತಿತ್ತು. ಡ್ರೈವರ್ ಸೀಟು ಮಾತ್ರ ಹಿಂದಿನ ಮಾಲೀಕರ ಭಾರಕ್ಕೆ ಕುಸಿದುಹೋಗಿತ್ತು. ಅದನ್ನು ಎತ್ತರಿಸಲು ಯಾವ ಏರ್ಪಾಡೂ ಇರಲಿಲ್ಲ. ಮುಂದಕ್ಕೆ ಎಳೆಯುವ ಲಿವರ್ ತುಕ್ಕು ಹಿಡಿದಿತ್ತು. ನನ್ನ ಗಂಡ ಆರಡಿ ಆಳು. ಭಾನುವಾರ ಅವರು ವ್ಯಾನು ಓಡಿಸಿದರೆ, ಸೋಮವಾರ ಬೆಳಿಗ್ಗೆ ಸೀಟನ್ನು ಮುಂದಕ್ಕೆ ತರಲು ಇಬ್ಬರು ಸೇರಿ ಜಗ್ಗಬೇಕು.

ಕೆಳಗೊಂದು, ಬೆನ್ನಿಗೊಂದು ದಿಂಬು ಹಾಕಿಕೊಂಡು ನಾನು ಹೇಗೋ ಸುಧಾರಿಸುತ್ತಿದ್ದೆ. ಒಂದು ದಿನ ಬೆಳಿಗ್ಗೆ, ಒಬ್ಬರನ್ನು ತೊಗರ್ಸಿಯಲ್ಲಿ ಇಳಿಸಿ ಮುಂದೆ ಹೊರಟಾಗ, ಮೆಕ್ಕೆಜೋಳದ ಚೀಲ ಹೇರಿಕೊಂಡ ಟ್ರ್ಯಾಕ್ಟರೊಂದು ಹೊಲದ ದಾರಿಯಿಂದ ಸೀದಾ ರಸ್ತೆಗೆ ಬಂತು. ಬ್ರೇಕ್ ತುಳಿದೆ. ಕೆಳಗಿನ ದಿಂಬು ಜಾರಿತು, ಅದರ ಜೊತೆ ನಾನೂ ಜಾರಿದೆ. ಕಾಲು ಪೆಡಲಿನ ತುದಿಗಷ್ಟೇ ಸಿಕ್ಕಿತು. ಸ್ಟೇರಿಂಗ್ ಹಿಡಿದು ಮೈಯನ್ನು ಮೇಲಕ್ಕೆಳೆದುಕೊಂಡು ಮತ್ತೊಮ್ಮೆ ತುಳಿದಾಗ ವ್ಯಾನು ನಿಂತಿತು. ಟ್ರೇಲರಿಗೂ ನಮಗೂ ನಡುವೆ ಒಂದು ಮೊಳ ಜಾಗವಿತ್ತು. ಯಾರಿಗೂ ಏನೂ ಆಗಲಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಟೀಚರು ಬಾಗಿಲು ತೆಗೆದು ಕೆಳಗಿಳಿದು, ಐದು ನಿಮಿಷ ರಸ್ತೆ ಬದಿಯಲ್ಲಿ ನಿಂತು ಮತ್ತೆ ಬಂದು ಕೂತರು. ಅದು ನನಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು.

ವ್ಯಾನು ಮಾರಿ ಚಿಕ್ಕ ಕಾರು ತರೋಣ ಅಂದರು ಗಂಡ. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಚಿಕ್ಕ ಕಾರಿನಲ್ಲಿ ಆರು ಜನ ಕೂರುವುದೆಲ್ಲಿ? ಯಾರನ್ನು ಬಿಟ್ಟು ಹೋಗಲಿ? ಇದೇ ವ್ಯಾನಿನ ದುಬಾರಿ ಮಾಡೆಲ್ಲಿನಲ್ಲಿ ಗುಂಡಿ ಒತ್ತಿದರೆ ಮೇಲೇಳುವ, ಮುಂದೆ ಹಿಂದೆ ಸರಿಯುವ ಸೀಟು ಇರುತ್ತದೆಂದು ನನಗೆ ಗೊತ್ತಿತ್ತು. ಒಮ್ಮೆ ಯಾರದೋ ಮದುವೆಯಲ್ಲಿ ಅಂಥದ್ದರಲ್ಲಿ ಕೂತು ನೋಡಿದ್ದೆ. ವ್ಯಾನು ಇರಲಿ, ಸೀಟು ಬದಲಾಯಿಸೋಣ ಅಂದೆ. ಗಂಡ ನಕ್ಕರು. ಆದರೂ ಮುಂದಿನ ರಜೆಯಲ್ಲಿ ನನ್ನ ಜೊತೆ ದಾವಣಗೆರೆಯ ಗುಜರಿಗಳನ್ನೆಲ್ಲ ಸುತ್ತಿದರು. ಮೂರನೆಯ ಅಂಗಡಿಯಲ್ಲಿ, ಹಿಂದಿನಿಂದ ಗುದ್ದಿಸಿಕೊಂಡು ಬಂದಿದ್ದ ಅದೇ ಮಾಡೆಲ್ಲಿನ ವ್ಯಾನೊಂದರ ಮುಂಭಾಗ ಹಾಗೇ ಉಳಿದಿತ್ತು. ಅದರ ಡ್ರೈವರ್ ಸೀಟನ್ನು ವೈರು, ಸ್ವಿಚ್ಚಿನ ಸಮೇತ ಬಿಚ್ಚಿಸಿಕೊಂಡು ಬಂದೆವು. ಮೂರು ಮೋಟರಿನ ಆ ಸೀಟನ್ನು ಎತ್ತಲು ಇಬ್ಬರು ಬೇಕಾಯಿತು.

ಶಿಕಾರಿಪುರದ ಎರಡು ಗ್ಯಾರೇಜಿನವರು ಆಗುವುದಿಲ್ಲ ಎಂದುಬಿಟ್ಟರು. ಕಡೆಗೆ, ಟ್ರ್ಯಾಕ್ಟರುಗಳ ಸೆಲ್ಫ್ ಮೋಟರ್ ರಿಪೇರಿ ಮಾಡುವ ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ಸೀಟಿನ ಸುತ್ತ ಎರಡು ಸುತ್ತು ಬಂದು, ಅಡಿಗೆ ಕೈಹಾಕಿ ಮುಟ್ಟಿ ನೋಡಿದರು.

"ಸೀಟಿನ ಕೆಲಸ ನಾನು ಮಾಡಿಲ್ಲ ಅಕ್ಕೋರೆ. ಆದ್ರೆ ಮೋಟರ್ ಅಂದ್ರೆ ಮೋಟರೇ. ನೀವು ಪೂರ್ತಿ ಹೊತ್ತು ಇಲ್ಲೇ ಇರೋದಾದ್ರೆ ಮಾಡ್ತೀನಿ. ಅಳತೆ ನಿಮ್ಮದು," ಅಂದರು.

ಭಾನುವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಮೊದಲು ಅಂಗಡಿಯ ನೆಲದಲ್ಲೇ ಸೀಟಿಗೆ ಬ್ಯಾಟರಿ ಕೊಟ್ಟು, ನನ್ನನ್ನು ಕೂರಿಸಿ, ಮೊಣಕಾಲು ಎಷ್ಟು ಮಡಚುತ್ತದೆ, ಕಾಲು ಎಲ್ಲಿಗೆ ಬರುತ್ತದೆ ಎಂದು ಟೇಪು ಹಿಡಿದು ನೋಡಿದರು. ರವಿಕೆಗೆ ಅಳತೆ ಕೊಟ್ಟ ಹಾಗಾಯಿತು ನನಗೆ. ಹಳೇ ಸೀಟು ಬಿಚ್ಚಿದಾಗ ಮುಂದಿನ ಎರಡು ಬೋಲ್ಟಿನ ತೂತು ಸರಿಯಾಗಿ ಕೂಡಿದವು. ಹಿಂದಿನವೆರಡು ಎರಡು ಬೆರಳು ಆಚೆಗಿದ್ದವು. ವೆಲ್ಡಿಂಗ್ ಬೇಡ, ಬ್ರೇಕ್ ಹಾಕಿದಾಗ ಮನುಷ್ಯರನ್ನು ಹಿಡಿದಿಡುವುದು ಈ ಬೋಲ್ಟುಗಳೇ ಅಂತ ಹೇಳಿ, ಪಕ್ಕದ ಲೇತ್ ಅಂಗಡಿಯಲ್ಲಿ ದಪ್ಪ ಕಬ್ಬಿಣದ ಪಟ್ಟಿ ಮಾಡಿಸಿ ತಂದು ಬಿಗಿದರು. ಬ್ಯಾಟರಿಯಿಂದ ಪ್ರತ್ಯೇಕ ದಪ್ಪ ವೈರು ಎಳೆದು, ನಡುವೆ ಫ್ಯೂಸ್ ಕೂರಿಸಿದರು. ಊಟದ ಹೊತ್ತಿಗೆ ಗಂಡನೂ ಬಂದರು.

ಗುಂಡಿ ಒತ್ತಿದೆ. ಸೀಟಿನ ಎಡಭಾಗ ಮುಂದೆ ಸರಿಯಿತು, ಬಲಭಾಗ ಇದ್ದಲ್ಲೇ ಉಳಿಯಿತು. ಸೀಟು ಓರೆಯಾಗಿ, ಕಟಕಟ ಸದ್ದು ಮಾಡಿ ನಿಂತಿತು. ಅಂಗಡಿಯಲ್ಲಿ ಸರಿಯಾಗಿತ್ತಲ್ಲ ಅಂದರು ಎಲೆಕ್ಟ್ರಿಷಿಯನ್. ಟಾರ್ಚ್ ಹಾಕಿ ನೋಡಿದರೆ, ಬಲಗಡೆ ಸೀಟು ಜಾರುವ ಹಳಿಯ ಒಳಗೆ ಏನೋ ಸಿಕ್ಕಿಕೊಂಡಿತ್ತು. ಎತ್ತಿ ಕೂರಿಸುವಾಗ ಸೀಟಿನೊಳಗಿಂದ ಉದುರಿರಬೇಕು. ಎಲೆಕ್ಟ್ರಿಷಿಯನ್ ಕೈ ಒಳಗೆ ಹೋಗಲಿಲ್ಲ. ಗಂಡನದಂತೂ ಕೇಳುವುದೇ ಬೇಡ. ಸೀಟನ್ನು ಮತ್ತೆ ಪೂರ್ತಿ ಬಿಚ್ಚಬೇಕು ಎಂದು ಇಬ್ಬರೂ ಮಾತಾಡಿಕೊಳ್ಳುತ್ತಿದ್ದರು.

"ಸ್ವಲ್ಪ ಸರೀರಿ," ಅಂದೆ.

ಬ್ಯಾಟರಿ ವೈರು ತೆಗೆಸಿ, ಬಳೆ ಬಿಚ್ಚಿಟ್ಟು, ನೆಲದ ಮೇಲೆ ಮಲಗಿದ ಹಾಗೆ ಬಗ್ಗಿ ಕೈ ತೂರಿಸಿದೆ. ಮುಂಗೈವರೆಗೂ ಸಲೀಸಾಗಿ ಹೋಯಿತು. ಎರಡು ಬೆರಳಲ್ಲಿ ಹಿಡಿದು ಎಳೆದಾಗ ಬಂದದ್ದು ಯಾರದೋ ಮುರಿದ ಬಾಚಣಿಗೆಯ ತುಂಡು. ಗ್ರೀಸು ಮೆತ್ತಿದ ಅದನ್ನು ಇಬ್ಬರಿಗೂ ಎತ್ತಿ ತೋರಿಸಿದೆ. ಚಿಕ್ಕ ಕೈಯೆಂದು ಹೆಮ್ಮೆಪಟ್ಟದ್ದು ಹುಟ್ಟಿದಾಗಿನಿಂದ ಅದೇ ಮೊದಲು.

ವೈರು ಕೊಟ್ಟು ಮತ್ತೆ ಕೂತು ಗುಂಡಿ ಒತ್ತಿದೆ. ಸಣ್ಣಗೆ ಗುಂಯ್ಗುಡುತ್ತಾ ಸೀಟು ಮುಂದೆ ಬಂತು. ಇನ್ನೊಂದು ಗುಂಡಿ ಒತ್ತಿದೆ. ನಿಧಾನವಾಗಿ ಮೇಲಕ್ಕೆದ್ದೆ. ಸ್ಟೇರಿಂಗ್ ಕೆಳಗಿಳಿದ ಹಾಗಾಯಿತು. ಗಾಜಿನ ಆಚೆ, ಇಷ್ಟು ದಿನ ನನಗೆ ಕಾಣದಿದ್ದ ಬಿಳಿ ತಗಡು ಬಿಸಿಲಿಗೆ ಹೊಳೆಯುತ್ತಿತ್ತು.

"ಬಾನೆಟ್ ಕಾಣ್ತಿದೆ," ಅಂದೆ.

"ಇಷ್ಟು ದಿನ ಏನು ನೋಡ್ಕೊಂಡು ಓಡಿಸ್ತಿದ್ರಿ ಅಕ್ಕೋರೆ?" ಎಂದು ಎಲೆಕ್ಟ್ರಿಷಿಯನ್ ಗಾಬರಿಯಿಂದಲೇ ಕೇಳಿದರು. ನನಗೆ ನಗು ಬಂತು. ಅವರು ಪಕ್ಕದಲ್ಲಿ ಕೂತು, ಖಾಲಿ ಮೈದಾನಕ್ಕೆ ಕರೆದೊಯ್ದು, ಹತ್ತು ಸಲ ಜೋರಾಗಿ ಬ್ರೇಕ್ ಹಾಕಿಸಿದರು. ಆಮೇಲೆ ನಾಲ್ಕೂ ಬೋಲ್ಟುಗಳನ್ನು ಇನ್ನೊಮ್ಮೆ ಪಾನಾ ಹಾಕಿ ನೋಡಿ, ಇನ್ನು ಹೋಗಿ ಅಂದರು.

ಮರುದಿನ ಬೆಳಿಗ್ಗೆ ಹಿರಿಯ ಟೀಚರು ವ್ಯಾನು ಹತ್ತಿದವರೇ, ನೀವು ಎತ್ತರ ಆಗಿದೀರಲ್ಲ ಅಂದರು. ಎಲ್ಲರೂ ನೋಡಲೆಂದು ಸೀಟನ್ನು ಒಮ್ಮೆ ಕೆಳಗಿಳಿಸಿ ಮತ್ತೆ ಏರಿಸಿದೆ. ಅವರು ಚಪ್ಪಾಳೆ ತಟ್ಟಿದರು. ಶಾಲೆಯ ಕಿರಿದಾದ ಗೇಟಿನೊಳಗೆ ವ್ಯಾನನ್ನು ಒಂದೇ ಸಲಕ್ಕೆ ಹಿಮ್ಮುಖವಾಗಿ ತಂದು ನಿಲ್ಲಿಸಿದೆ. ಹಿಂದೆಲ್ಲ ಮೂರು ಸಲ ತಿರುಗಿಸಬೇಕಾಗುತ್ತಿತ್ತು.

ಆ ತಿಂಗಳ ಕೊನೆಗೆ ಒಂದು ಗೃಹಪ್ರವೇಶಕ್ಕೆಂದು ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೊರಬಕ್ಕೆ ಹೊರಟೆ. ನಾನು ಓಡಿಸುವಾಗ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿದು, ನನ್ನ ಬದಲು ತಾವೇ ರಸ್ತೆ ನೋಡುತ್ತಾ ಕೂರುವುದು ಅವರ ರೂಢಿ. ಶಿರಾಳಕೊಪ್ಪ ದಾಟಿದ ಮೇಲೆ ಏನೋ ಹೇಳಲೆಂದು ಆ ಕಡೆ ತಿರುಗಿದೆ. ಅವರು ಕೈ ಮಡಿಲಲ್ಲಿಟ್ಟುಕೊಂಡು, ಬಾಯಿ ಸ್ವಲ್ಪ ತೆರೆದು, ಗಾಢ ನಿದ್ದೆಯಲ್ಲಿದ್ದರು. ಎಬ್ಬಿಸಲಿಲ್ಲ. ಸೊರಬ ಬರುವವರೆಗೂ ಒಬ್ಬಳೇ ಹಾಡಿಕೊಳ್ಳುತ್ತಾ ಓಡಿಸಿದೆ.