ಜೀಪು ಹತ್ತದ ವಕೀಲರು

ನಂಜನಗೂಡು ಕೋರ್ಟಿನಲ್ಲಿ ನಾನು ಒಬ್ಬ ಹಿರಿಯ ವಕೀಲರ ಜೂನಿಯರ್. ನನಗೆ ವಾದ ಬರುತ್ತಿರಲಿಲ್ಲ, ಅವರನ್ನು ಅಣಕಿಸುವುದು ಮಾತ್ರ ಚೆನ್ನಾಗಿ ಬರುತ್ತಿತ್ತು. ಕುಡಿದು ಗಾಡಿ ಓಡಿಸಿದ ಕೇಸು ಯಾರದೇ ಇರಲಿ, ಕೋಟಿನ ಗುಂಡಿ ತಿರುಗಿಸುತ್ತ, "ನನ್ನ ಕಕ್ಷಿದಾರ ಒಂದು ತೊಟ್ಟೂ ಮುಟ್ಟಿಲ್ಲ ಸ್ವಾಮಿ" ಎನ್ನುವರು.

ಒಂದು ಸಂಜೆ, ಆಗಷ್ಟೇ ಅಂಥದೇ ಕೇಸು ಗೆದ್ದ ಸೋಸಲೆಯ ಡ್ರೈವರ್, ಟಿ. ನರಸೀಪುರದ ಬಸ್ಸಿಗೆ ಕಾಯುತ್ತಿದ್ದ ನಮ್ಮೆದುರು ಜೀಪು ನಿಲ್ಲಿಸಿದ.

"ಅತ್ತಿ ಸಾ, ಮನೆತಕ ಬುಡ್ತೀನಿ."

"ಬಸ್ಸಿದೆ ಕಣಯ್ಯ, ನೀನು ಹೊರಡು."

"ಕುಡ್ದಿಲ್ಲ ಅಂತ ಈಗ್ತಾನೆ ನೀವೇ ಏಳುದ್ರಲ್ಲ ಸಾ! ನಿಜವಾಗ್ಲೂ ಕುಡ್ದಿರ್ನಿಲ್ಲ. ನೀವೂ ನಂಬಕಿಲ್ವಾ?"

ವಕೀಲರು ಬಸ್ಸು ಬರುವ ದಿಕ್ಕನ್ನೇ ನೋಡುತ್ತ ನಿಂತರು. ಅವನು ತೆರೆದ ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡು ಹೋದ.

ಬಸ್ಸಿನಲ್ಲಿ ನಾನು ತಡೆಯಲಾರದೆ, "ನಿಜಕ್ಕೂ ಕುಡಿದಿರಲಿಲ್ವಾ ಸಾರ್?" ಎಂದೆ.

ಅವರು, "ಅವನನ್ನ ನಾನು ಕೇಳಲೇ ಇಲ್ಲ ಕಣೋ" ಎಂದರು.