ನೆಗೆಣ್ಣಿಯ ವಾಯಿದೆ ಮೀರಿದ ಬಾಕಿ

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಸಿಹಿ ತಂದುಕೊಟ್ಟರೆ ನನಗೆ ಮೊದಲು ಅನುಮಾನವೇ ಬರುವುದು. ಮೊನ್ನೆ ಬಟ್ಟಲ ತುಂಬ ಶ್ಯಾವಿಗೆ ಪಾಯಸ ತಂದಿದ್ದಳು.

"ಅಕ್ಕಾ, ನಮ್ಮ ಪಾಲಿನ ತೆರಿಗಿ ಬಾಕಿ ಐತಲ್ಲ, ಅದರ ವಾಯಿದೆ ಮುಗದೈತಂತ. ಇನ್ನ ಸರ್ಕಾರ ಕೇಳಂಗಿಲ್ಲಂತ."

ಕೊಟ್ಟೂರಿನಲ್ಲಿ ನನ್ನ ಗಂಡ, ಮೈದುನ ಸೇರಿ ಶೇಂಗಾ ಎಣ್ಣೆ ಮಿಲ್ಲು ನಡೆಸುತ್ತಿದ್ದರು. ಅದು ಮುಚ್ಚಿದಾಗ ಮಾರಾಟ ತೆರಿಗೆ ಬಾಕಿ ಉಳಿದಿತ್ತು. ಮನೆಯ ಜೊತೆಗೆ ಆ ಬಾಕಿಯನ್ನೂ ಅಣ್ಣತಮ್ಮಂದಿರು ಅರ್ಧರ್ಧ ಹಂಚಿಕೊಂಡರು. ನನ್ನ ಗಂಡನಿಗೆ ಸರ್ಕಾರವೆಂದರೆ ಜ್ವರ. ಬಜಾರಿಗೆ ಮುಖ ಮಾಡಿದ್ದ ನಮ್ಮ ಕೋಣೆ ಮಾರಿ ನಮ್ಮ ಅರ್ಧ ಕಟ್ಟಿಬಂದರು. ಮೈದುನ "ನೋಡೂಣ ತಗಿ" ಎಂದು ಸುಮ್ಮನಿದ್ದ. ಈಗ ಅವನ ಕೋಣೆಯಲ್ಲಿ ನೆಗೆಣ್ಣಿ ಸೀರೆ ಅಂಗಡಿ ಇಟ್ಟು, ಹೋಗಿಬರುವವರಿಗೆಲ್ಲ "ಬರ್ರಿ, ಕುಂದರ್ರಿ" ಎನ್ನುತ್ತ ಮೆರೆಯುತ್ತಾಳೆ. ನಾನು ಹಿಂದಿನ ಓಣಿಯಿಂದ ಸುತ್ತಿಕೊಂಡು ಮನೆ ಸೇರಬೇಕು. ಬಜಾರು ಕಾಣುವ ಒಂದು ಕಿಟಕಿಯೂ ನನಗಿಲ್ಲ.

ಹೊಟ್ಟೆ ಉರಿಯಿತು. ಪಾಯಸ ಚೆನ್ನಾಗಿತ್ತು, ಅದಕ್ಕೂ ಉರಿಯಿತು.

ಅರಸೀಕೆರೆಯ ತವರಿಗೆಂದು ಹೇಳಿ ಹೊರಟು ಹರಪನಹಳ್ಳಿಯಲ್ಲೇ ಬಸ್ಸಿಳಿದೆ. ನಮ್ಮ ಮಿಲ್ಲಿನ ಕಾಗದ ನೋಡುತ್ತಿದ್ದ ತೆರಿಗೆ ವಕೀಲರು ಅಲ್ಲಿದ್ದಾರೆ. ಇದೆಲ್ಲ ಸುಳ್ಳು ಎನ್ನಲಿ, ಇಲ್ಲವೇ ಎಲ್ಲಿ ಅರ್ಜಿ ಕೊಟ್ಟರೆ ಅವಳ ಬಾಕಿ ಮತ್ತೆ ಎದ್ದು ಕೂರುತ್ತದೆ ಎಂದಾದರೂ ಹೇಳಲಿ ಎಂದು ಹಾರೈಸುತ್ತ ಹೋದೆ.

"ಖರೇನ ಅಮ್ಮ. ಕಾಯ್ದೆ ಹೇಳಿದಷ್ಟು ವರ್ಷದೊಳಗೆ ಅವರು ವಸೂಲಿಗೆ ಕೈ ಹಾಕಲಿಲ್ಲ. ಈಗ ಹಾಕಾಕೆ ಬರಲ್ಲ," ಎಂದರು ವಕೀಲರು.

"ನಾವು ಕಟ್ಟಿದ್ದು ವಾಪಸ್ ಬರ್ತೈತೇನ್ರಿ?"

"ಕಟ್ಟಿದ್ದು ಕಟ್ಟಿದಂಗೆ."

"ಹಂಗಾರ ಅವರ ಅರ್ಧ ವಸೂಲಿ ಮಾಡಾಕ ದಾರೀನ ಇಲ್ಲೇನ್ರಿ?"

"ಇಲ್ಲದಿರೋದೇ ನಿಮ್ಮ ಪುಣ್ಯ. ಅರ್ಧರ್ಧ ಮಾಡ್ಕೊಂಡಿದ್ದು ನಿಮ್ಮ ಮನ್ಯಾಗೆ. ಸರ್ಕಾರಕ್ಕೆ ಮಿಲ್ಲು ಒಂದೇ, ಬಾಕಿನೂ ಒಂದೇ. ವಾಯಿದೆ ಇದ್ದಿದ್ರೆ ಆ ಅರ್ಧಕ್ಕೆ ನಿಮ್ಮ ಮೈದುನನ ಜೊತಿಗೆ ನಿಮ್ಮ ಯಜಮಾನ್ರನ್ನೂ ಹಿಡೀತಿದ್ರು. ಈಗಿರೋ ಮನೀನೂ ಹೋಗ್ತಿತ್ತು ನೋಡ್ರಿ."

ಅವಳನ್ನು ಉಳಿಸಿದ ವಾಯಿದೆಯೇ ನನ್ನ ಮನೆಯನ್ನೂ ಉಳಿಸಿತ್ತು. ಬಸ್ ನಿಲ್ದಾಣದಲ್ಲಿ ಕುಳಿತು ಸಮಾಧಾನ ತಂದುಕೊಳ್ಳಲು ನೋಡಿದೆ, ಬರಲಿಲ್ಲ. ಹೋದರೆ ಹೋಗುತ್ತಿತ್ತು ನನ್ನ ಮನೆ, ಅವಳ ಅಂಗಡಿಗೂ ಬೀಗ ಬೀಳುತ್ತಿತ್ತಲ್ಲ ಎಂದೇ ಮನಸ್ಸು ಅನ್ನುತ್ತಿತ್ತು.