ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳು

ಬೆಳಿಗ್ಗೆ ಹನ್ನೊಂದು ಹತ್ತಕ್ಕೆ, ಚಳ್ಳಕೆರೆ ಮಾರುಕಟ್ಟೆಯಲ್ಲಿ, "ಈ ಶೇಂಗಾ ಹಸಿ ಐತೆ" ಎಂದೆ. ಮೊಳಕಾಲ್ಮೂರಿನಲ್ಲಿ ನಾನು ಹಾಕಲಿದ್ದ ಎಣ್ಣೆ ಗಾಣಕ್ಕೆ ಅದು ಮೊದಲ ಖರೀದಿ. ಅದನ್ನು ಮಾರುತ್ತಿದ್ದ ಮಂಡಿಯವನೂ ಅವನ ಕಡೆಯ ಇಬ್ಬರೂ ನನ್ನನ್ನು ಚೀಲಗಳ ಅಟ್ಟಿಗೆ ಒತ್ತಿ ನಿಂತರು.

"ಬಿಕಾಂ ಓದಿದ್ರೆ ಕಾಯಿ ಗೊತ್ತಾಗ್ತದೇನವ್ವ? ಮನೆಗೋಗಿ ಚಟ್ನಿ ಅರಿ" ಅಂದ ಮಂಡಿಯವನು.

ಒಬ್ಬ ಅಟ್ಟಿಯನ್ನು ಒದ್ದ. ಮೇಲಿನ ಚೀಲ ನನ್ನ ಭುಜ ಸವರಿಕೊಂಡು ಕಾಲ ಬಳಿ ಬಿತ್ತು.

ಅಷ್ಟರಲ್ಲಿ ನನಗೆ ಕೆಲಸ ಕಲಿಸುತ್ತಿದ್ದ ಮಿಲ್ಲಿನ ಒಡತಿ ಬಂದರು. ಯಂತ್ರಗಳ ಸದ್ದಿನಲ್ಲಿ ದಿನಕ್ಕೆ ಹತ್ತು ಸಲ "ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳು" ಅನ್ನುತ್ತಿದ್ದವರು. ನನ್ನ ಪರ ಜಗಳಕ್ಕಿಳಿಯುತ್ತಾರೆ ಅಂದುಕೊಂಡೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿದ್ದ ಚೀಲದ ಮೇಲೆಯೇ ಕೂತು, ಒಂದು ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದರು. ಒಣಗಿದ್ದರೆ ಒಳಗೆ ಬೀಜ ಗಲಗಲ ಅನ್ನಬೇಕು. ಸದ್ದಿರಲಿಲ್ಲ. ಆದರೂ ನನ್ನ ಕಡೆ ತಿರುಗಿ, "ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳು" ಅಂದರು.

"ಹಸಿ ಐತೆ ಅಕ್ಕ."

"ನನಗ್ಯಾಕೆ ಹೇಳ್ತೀಯ? ಅವ್ರಿಗೆ ಹೇಳು."

ಮಂಡಿಯವನ ಕಡೆ ತಿರುಗಿದೆ. ಇಡೀ ಅಂಗಳಕ್ಕೆ ಕೇಳುವಂತೆ ಕೂಗಿದೆ: "ಹಸಿ ಐತೆ! ನನಗೆ ಬ್ಯಾಡ!"

ಸುತ್ತಲಿದ್ದ ಖರೀದಿದಾರರೂ ಬಂದು ಕಾಯಿ ಅಲ್ಲಾಡಿಸತೊಡಗಿದರು. ಮಂಡಿಯವನು ಹಿಂದೆ ಸರಿದ.

ಆಮೇಲೆ ಹಲವು ರಾತ್ರಿ ಆ ಚೀಲ ಬಿದ್ದ ಸದ್ದು ಕೇಳಿದಂತಾಗಿ ಎಚ್ಚರವಾಗುತ್ತಿತ್ತು. ಅಕ್ಕನಿಗೆ ಹೇಳಿದೆ. "ಮಂಗಳವಾರ ಮಾರ್ಕೆಟ್ಟಿಗೆ ನೀನೊಬ್ಳೇ ಹೋಗು" ಅಂದರು, ಅಷ್ಟೇ.

ಹೋದೆ. ಅದೇ ಜಾಗದಲ್ಲಿ, ಹೊಸ ಮಾಲಿನ ಅಟ್ಟಿಯ ಮುಂದೆ ನಿಂತು ಕಾಯಿಯೊಂದನ್ನು ಕಿವಿಗೆ ಹಿಡಿದೆ.

"ಏನವ್ವ, ಇವತ್ತೇನಂತೈತೆ?" ಮಂಡಿಯವನೇ ಕೇಳಿದ.

"ಗಲಗಲ ಅಂತೈತೆ. ತೂಕಕ್ಕೆ ಹಾಕ್ರಿ."

ಆ ರಾತ್ರಿ ಬೆಳಗಿನ ತನಕ ನಿದ್ದೆ ಮಾಡಿದೆ.